ಕಲ್ಲಿನ ಮೇಲಿನ ಬಲಗೈ

1987ರ ಆಗಸ್ಟ್ 22, ಶನಿವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ. ಶಿಡ್ಲಘಟ್ಟದ ಕಲ್ಲಚ್ಚಿನ ಪ್ರೆಸ್ಸೊಂದರಲ್ಲಿ, ನನ್ನಿಂದ ನಾಲ್ಕಡಿ ದೂರದಲ್ಲಿ, ಬೋರ್ಡು ಬರೆಯುವ ನಲ್ಲಪ್ಪ ಹನ್ನೆರಡೂವರೆ ಕಿಲೋ ತೂಕದ ಕಲ್ಲನ್ನು ಎದೆಯೆತ್ತರಕ್ಕೆ ಎತ್ತಿ ಷರೀಫನ ಬಲಗೈ ಮೇಲೆ ಹಾಕಿದ. ಆ ಕೈ ಇನ್ನೊಂದು ಕಲ್ಲಿನ ಮೇಲೆ ಅಂಗೈ ಕೆಳಗಾಗಿ ಚಾಚಿಕೊಂಡಿತ್ತು. ಒಣಗಿದ ಹಿಪ್ಪುನೇರಳೆ ಕಡ್ಡಿಯ ಹೊರೆಯನ್ನು ತುಳಿದಂಥ ಸದ್ದಾಯಿತು. ಷರೀಫ ತಕ್ಷಣ ಕೂಗಲಿಲ್ಲ. ಎರಡು ಕಲ್ಲುಗಳ ನಡುವಿನಿಂದ ಹೊರಬಂದಿದ್ದ ಮಣಿಕಟ್ಟನ್ನು, ಅದು ಬೇರೆ ಯಾರದೋ ಎಂಬಂತೆ ನೋಡಿದ. ಆಮೇಲೆ ಕೂಗಿದ.

ಹನ್ನೊಂದಕ್ಕೆ ಕಾಲೇಜಿನಲ್ಲಿ ನನಗೆ ಪ್ರಯೋಗಾಲಯದ ತರಗತಿ ಇತ್ತು, ಹೊರಡಬೇಕೆಂದು ಆಗಷ್ಟೇ ಗಡಿಯಾರ ನೋಡಿಕೊಂಡಿದ್ದೆ. ಹಾಗಾಗಿ ಸಮಯ ನೆನಪಿದೆ. ಒಂದು ನಿಮಿಷ ಮೊದಲು ನಾನು ಬಾಯಿ ತೆರೆದಿದ್ದರೆ ಆ ಕಲ್ಲು ಬೀಳುತ್ತಿರಲಿಲ್ಲ. ಅದೂ ನೆನಪಿದೆ.

ಷರೀಫನದು ಕಾತಿಬ್ ಕೆಲಸ. ಉರ್ದುವನ್ನು ಸೀಸದ ಅಚ್ಚುಮೊಳೆಗಳಲ್ಲಿ ಜೋಡಿಸಿದರೆ ಓದುವವರ ಕಣ್ಣಿಗೆ ಒಪ್ಪುವುದಿಲ್ಲ. ಕೈಯಲ್ಲೇ ಬರೆಯಬೇಕು, ಬರೆದದ್ದನ್ನು ಕಲ್ಲಿಗೆ ಇಳಿಸಿ ಅಚ್ಚು ಹಾಕಬೇಕು. ಹಾಗೆ ಬರೆಯುವವನು ಕಾತಿಬ್. ಅವನ ಸೋದರಮಾವ ಲಾಲ್ ಬಾಷಾ ಅವರ ಪ್ರೆಸ್ಸು ಮದುವೆ ಕಾಗದ, ಉರುಸಿನ ಪೋಸ್ಟರು, ರೇಷ್ಮೆ ನೂಲಿನ ಕಟ್ಟಿಗೆ ಅಂಟಿಸುವ ಚೀಟಿಗಳಿಂದ ನಡೆಯುತ್ತಿತ್ತು. ಚಿಂತಾಮಣಿ, ಗೌರಿಬಿದನೂರಿನಿಂದಲೂ ಜನ ಬರುತ್ತಿದ್ದರು. ಅವರು ಬರುತ್ತಿದ್ದುದು ಯಂತ್ರಕ್ಕಲ್ಲ, ಷರೀಫನ ಕೈಗೆ. ಬಲಮೊಣಕಾಲು ಮೇಲೆತ್ತಿ ನೆಲದ ಮೇಲೆ ಕೂತು, ಮೊಣಕಾಲಿನ ಮೇಲೆ ಹಲಗೆ ಇಟ್ಟುಕೊಂಡು, ಜೊಂಡಿನ ಲೇಖನಿಯಲ್ಲಿ ಅವನು ಎಳೆಯುವ ಗೆರೆ ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನದು. ಬರೆಯದಿದ್ದಾಗ ಲೇಖನಿ ಕಿವಿಯ ಮೇಲಿರುತ್ತಿತ್ತು. ತಾಯಿ ವಜೀರುನ್ನೀಸಾ, ಹೆಂಡತಿ, ಎರಡು ಹೆಣ್ಣುಮಕ್ಕಳು, ಎಲ್ಲರ ಅನ್ನವೂ ಆ ಕೈಯ ತೋರುಬೆರಳು ಮತ್ತು ಹೆಬ್ಬೆರಳಿನ ನಡುವೆ ಇತ್ತು.

ನನಗೆ ಅವನ ಪರಿಚಯವಾದದ್ದು ನೈಟ್ರಿಕ್ ಆಮ್ಲದ ಮೂಲಕ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದೆ. ಕಲ್ಲಚ್ಚಿಗೆ ಗೋಂದಿನ ಜೊತೆ ಕೆಲವು ಹನಿ ನೈಟ್ರಿಕ್ ಆಮ್ಲ ಬೇಕು. ಅವನು ಕೇಳಿಕೊಂಡು ಬಂದ. ಯಾಕೆಂದು ನೋಡಲು ನಾನು ಅವನ ಹಿಂದೆ ಹೋದೆ, ಆಮೇಲೆ ವಾರಕ್ಕೆ ಮೂರು ಸಲ ಹೋಗತೊಡಗಿದೆ. ಕೆಲಸ ಹೀಗೆ: ಗಂಜಿ ಬಳಿದ ಹಳದಿ ಕಾಗದದ ಮೇಲೆ ಕಾತಿಬ್ ಜಿಡ್ಡಿನ ಶಾಯಿಯಿಂದ ನೇರವಾಗಿ, ನಾವು ನೀವು ಬರೆದ ಹಾಗೆಯೇ ಬರೆಯುತ್ತಾನೆ. ಆ ಕಾಗದವನ್ನು ನೆನೆಸಿ ಸುಣ್ಣಕಲ್ಲಿನ ಮೇಲೆ ಮಗುಚಿ ಒತ್ತಿದರೆ ಬರಹ ಕಾಗದ ಬಿಟ್ಟು ಕಲ್ಲಿಗೆ ಹತ್ತುತ್ತದೆ. ಕಲ್ಲಿನ ಮೇಲೆ ಅದು ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ಕಲ್ಲಿನಿಂದ ಮತ್ತೆ ಕಾಗದಕ್ಕೆ ಅಚ್ಚಾದಾಗ ಇನ್ನೊಮ್ಮೆ ತಿರುಗಿ ನೇರವಾಗುತ್ತದೆ. ಎರಡು ಸಲ ತಿರುಗುವುದರಿಂದ ಬರೆಯುವವನು ಆ ಬಗ್ಗೆ ಯೋಚಿಸಬೇಕಾಗಿಯೇ ಇಲ್ಲ. ಹದಿನೈದು ವರ್ಷದಲ್ಲಿ ಷರೀಫ ಒಂದು ಸಲವೂ ಯೋಚಿಸಿರಲಿಲ್ಲ.

ಅವನ ಆ ಅಭ್ಯಾಸ ತಪ್ಪಿಸಿದ ಪುಸ್ತಕ ತಂದುಕೊಟ್ಟವನು ನಾನು. ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಸಿಕ್ಕಿದ್ದು, ರಟ್ಟು ಹರಿದಿತ್ತು. ಫ್ರಾನ್ಸಿನಲ್ಲಿ ನೂರ ನಲವತ್ತು ವರ್ಷದ ಹಿಂದೆ ಕಲಾವಿದರು ಕಲಾವಿದರನ್ನೇ ಗೇಲಿ ಮಾಡಿ ಬರೆದ ಚಿತ್ರಗಳು. ಎಲ್ಲವೂ ಇದೇ ಜಾತಿಯ ಸುಣ್ಣಕಲ್ಲಿನಿಂದ ಅಚ್ಚಾಗಿದ್ದವು. ಅದಕ್ಕೇ ಕೊಂಡಿದ್ದೆ. ಒಂದರಲ್ಲಿ ಹೊಟ್ಟೆ ಉಬ್ಬಿದ ವ್ಯಾಪಾರಿ ಭಾವಚಿತ್ರಕ್ಕೆ ಕೂತಿದ್ದಾನೆ; ಅವನ ಹೆಂಡತಿ ಕುಂಚ ಹಿಡಿದವನ ಭುಜ ತಟ್ಟಿ, ಹೊಟ್ಟೆ ಬೇಡ ಗಡಿಯಾರದ ಸರಪಳಿ ಸಾಕು ಎಂದು ತೋರಿಸುತ್ತಿದ್ದಾಳೆ. ಇನ್ನೊಂದರಲ್ಲಿ ಪ್ಯಾರಿಸ್ಸಿನ ವಾರ್ಷಿಕ ಪ್ರದರ್ಶನ: ಚಿತ್ರವನ್ನು ಸೂರಿನ ಹತ್ತಿರ ನೇತುಹಾಕಿಬಿಟ್ಟಿದ್ದಾರೆ, ಬರೆದವನು ಏಣಿ ಹೊತ್ತು ತಂದು ಬಂದವರನ್ನೆಲ್ಲ ಹತ್ತಲು ಬೇಡುತ್ತಿದ್ದಾನೆ. ಚಳಿಗೆ ತನ್ನದೇ ಚಿತ್ರದ ಚೌಕಟ್ಟು ಮುರಿದು ಒಲೆಗೆ ಹಾಕುವವನು, ತಿರಸ್ಕೃತ ಚಿತ್ರವನ್ನು ಚಾಕುವಿನಿಂದ ಸೀಳುವವನು, ವಿಮರ್ಶಕ ಬಂದನೆಂದು ನೆಲಕ್ಕೆ ಮೂಗು ತಾಗುವಂತೆ ಬಾಗಿದವನು. ತಲೆ ಕುಂಬಳಕಾಯಿಯಷ್ಟು, ಮೈ ಕಡ್ಡಿಯಷ್ಟು.

ಷರೀಫನಿಗೆ ಫ್ರೆಂಚ್ ಬರುತ್ತಿರಲಿಲ್ಲ, ನನಗೂ ಬರುತ್ತಿರಲಿಲ್ಲ. ಮುನ್ನುಡಿ ಮಾತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ನಾನು ಓದಿ ಹೇಳಿದೆ. ಆ ಕಾಲದಲ್ಲಿ ಅಲ್ಲಿ ಬರಹಕ್ಕಿಲ್ಲದ ಕಟ್ಟುಪಾಡು ಚಿತ್ರಕ್ಕಿತ್ತು. ರಾಜನನ್ನೋ ಮಂತ್ರಿಯನ್ನೋ ಗೇಲಿ ಮಾಡಿ ಬರೆದವರು ಜೈಲು ಕಂಡಿದ್ದರು. ಆಮೇಲೆ ಸರ್ಕಾರದ ಒಪ್ಪಿಗೆ ಇಲ್ಲದೆ ಒಂದು ಚಿತ್ರವೂ ಹೊರಬರಬಾರದೆಂದು ಕಾನೂನಾಯಿತು.

ಅವನು ಸ್ವಲ್ಪ ಹೊತ್ತು ಪುಟ ತಿರುವಿದ. ಆಮೇಲೆ ಹೇಳಿದ: "ಅದಕ್ಕೇ ಸಾರ್ ಇವ್ರು ತಮ್ಮನ್ನೇ ಬರ್ಕೊಂಡಿರೋದು. ಯಜಮಾನನ ಮುಖ ಬರೆದ್ರೆ ಏಟು ಬೀಳ್ತವೆ. ನನ್ನ ಮುಖಕ್ಕೆ ನಾನೇ ಮಸಿ ಬಳ್ಕೊಂಡ್ರೆ ಯಾರ್ ಕೇಳ್ತಾರೆ?"

ಅವನು ಯಾವ ಯಜಮಾನನ ವಿಷಯ ಹೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಆ ವರ್ಷ ಜನವರಿಯ ಜಿಲ್ಲಾ ಪರಿಷತ್ತಿನ ಚುನಾವಣೆಯಲ್ಲಿ ಮೇಲೂರಿನ ಕಡೆಯ ಗಂಗುಲಪ್ಪ ನಿಂತಿದ್ದ. ಅವನ ಕರಪತ್ರಕ್ಕೆ ಷರೀಫ ಮುಖ ಬರೆದುಕೊಟ್ಟಿದ್ದ. ಸಿಡುಬಿನ ಕಲೆ ಅಳಿಸಿ, ಕತ್ತು ಉದ್ದ ಮಾಡಿ, ಕಣ್ಣಿಗೆ ಇಲ್ಲದ ಕರುಣೆ ಕೊಟ್ಟು. ಗಂಗುಲಪ್ಪ ಬಂದು ಬೆನ್ನು ಚಪ್ಪರಿಸಿ ಹೋದ. ನಾಯಿಯ ಬೆನ್ನು ಸವರಿದ ಹಾಗೆ ಸವರಿದ ಎಂದು ಷರೀಫ ಅದನ್ನು ನನಗೆ ಮೂರು ನಾಲ್ಕು ಸಲ ಹೇಳಿದ್ದ.

ಜುಲೈ ಕೊನೆಯ ವಾರ ಅವನು ಚಿತ್ರ ಬರೆದ. ಹಳದಿ ಕಾಗದ ಬೇಡ, ಆ ಫ್ರಾನ್ಸಿನವರ ಹಾಗೆ ಜಿಡ್ಡಿನ ಬಳಪದಿಂದ ನೇರ ಕಲ್ಲಿನ ಮೇಲೆಯೇ ಬರೆಯುತ್ತೇನೆಂದು ಹಟ ಹಿಡಿದ. ಕಾಗದದಿಂದ ಇಳಿಸಿದರೆ ಆ ಮರಳಿನಂಥ ಮೆತ್ತನೆಯ ನೆರಳು ಬರುವುದಿಲ್ಲ. ಕುರ್ಚಿಯಲ್ಲಿ ಒಬ್ಬ ದೊಡ್ಡ ಮನುಷ್ಯ, ಹಿಂದಿನಿಂದ ಕಂಡಂತೆ. ಮುಖವಿಲ್ಲ, ರುಮಾಲು ಮತ್ತು ಅಗಲ ಬೆನ್ನು ಮಾತ್ರ. ಅವನ ಕೈಯಲ್ಲಿ ಹಗ್ಗ. ಹಗ್ಗದ ಇನ್ನೊಂದು ತುದಿ ಕಲಾವಿದನ ಕತ್ತಿಗೆ. ಕಲಾವಿದನಿಗೆ ದೊಡ್ಡ ತಲೆ, ಬತ್ತಿದ ಕೆನ್ನೆ, ಹಿಂದುಗಡೆ ಬಾಲ. ಒಂದು ಮೊಣಕಾಲು ಎತ್ತಿ ಕೂತು ಯಜಮಾನನನ್ನು ರಾಜನ ವೇಷದಲ್ಲಿ ಬರೆಯುತ್ತಿದ್ದಾನೆ. ಕಿವಿಯ ಮೇಲೊಂದು ಲೇಖನಿ. ಕಲ್ಲಿನ ಮೇಲೆ ಆ ಕಲಾವಿದ ಕುಂಚ ಹಿಡಿದಿದ್ದದ್ದು ಬಲಗೈಯಲ್ಲಿ.

ಕೆಳಗಿನ ಸಾಲನ್ನು ಮಾತ್ರ ಅವನು ಅಭ್ಯಾಸದಂತೆ ಹಳದಿ ಕಾಗದದ ಮೇಲೆ ಕನ್ನಡದಲ್ಲಿ ಬರೆದು ಕಲ್ಲಿಗೆ ಇಳಿಸಿದ: 'ನಮ್ಮೂರ ಕಲಾವಿದ'.

ಮೊದಲ ಹಾಳೆ ಹೊರಬಂದಾಗ ನಾನು ಅಲ್ಲೇ ಇದ್ದೆ. ಬರಹ ನೇರವಾಗಿತ್ತು, ಚಿತ್ರ ತಿರುಗಿ ಕುಂಚ ಎಡಗೈಗೆ ಬಂದಿತ್ತು. ಅಕ್ಷರ ಎರಡು ಸಲ ತಿರುಗಿದೆ, ಚಿತ್ರ ಒಂದೇ ಸಲ ಎಂದು ತಕ್ಷಣ ಹೊಳೆದು, ಪಾಠದಲ್ಲಿ ಒಳ್ಳೆಯ ಉದಾಹರಣೆ ಸಿಕ್ಕಿದಷ್ಟು ಖುಷಿಯಾಯಿತು. ಷರೀಫನಿಗೆ ತೋರಿಸಿದೆ. ಅವನು ನಕ್ಕ. "ಇರ್ಲಿ ಬಿಡಿ ಸಾರ್. ನಾಯಿಗೆ ಎಡಗೈ ಆದ್ರೇನು ಬಲಗೈ ಆದ್ರೇನು."

ಅರವತ್ತು ಹಾಳೆ ಅಚ್ಚು ಹಾಕಿದ. ಇಪ್ಪತ್ತನ್ನು ನಾನು ಕಾಲೇಜಿಗೆ ಒಯ್ದು ವಿಜ್ಞಾನ ಸಂಘದ ಫಲಕಕ್ಕೆ ಒಂದನ್ನು ಚುಚ್ಚಿ, ಒಂದನ್ನು ಚೀಲದಲ್ಲಿ ಇಟ್ಟುಕೊಂಡು, ಉಳಿದವನ್ನು ಹುಡುಗರಿಗೆ ಹಂಚಿದೆ. ಶಿಲಾಮುದ್ರಣದ ರಸಾಯನ ವಿವರಿಸಿ ಕೆಳಗೊಂದು ಟಿಪ್ಪಣಿಯನ್ನೂ ಬರೆದೆ. ನನ್ನ ಟಿಪ್ಪಣಿಯನ್ನು ಯಾರೂ ಓದಲಿಲ್ಲ. ವಾರದೊಳಗೆ ಹಾಳೆಗಳು ಬಸ್ ಸ್ಟ್ಯಾಂಡಿನ ಗೋಡೆಗೆ, ಎರಡು ಹೋಟೆಲಿಗೆ, ರೇಷ್ಮೆಗೂಡಿನ ಮಾರುಕಟ್ಟೆಯ ಕಂಬಕ್ಕೆ ಅಂಟಿಕೊಂಡವು.

ಶಿಡ್ಲಘಟ್ಟದಲ್ಲಿ ಎಡಗೈಯಲ್ಲಿ ಬರೆಯುವ ಚಿತ್ರಗಾರ ಒಬ್ಬನೇ ಇದ್ದ.

ನಲ್ಲಪ್ಪ ಊರಾಚೆಯ ಕಾಲೋನಿಯವನು. ಎಸ್ಸೆಸ್ಸೆಲ್ಸಿ ಓದಿ, ಬೋರ್ಡು, ಗೋಡೆ, ಲಾರಿ ಬರೆಯುವುದನ್ನು ತಾನೇ ಕಲಿತಿದ್ದ. ಎಡಗೈಯವರು ಕನ್ನಡವನ್ನು ಎಡದಿಂದ ಬಲಕ್ಕೆ ಬರೆದರೆ ಹಸಿ ಬಣ್ಣಕ್ಕೆ ಕೈ ತಾಗುತ್ತದೆ. ಅದಕ್ಕೇ ಅವನು ಸಾಲಿನ ಕೊನೆಯ ಅಕ್ಷರದಿಂದ ಶುರುಮಾಡಿ ಹಿಂದಕ್ಕೆ ಬರೆಯುತ್ತಿದ್ದ. ಏಣಿಯ ಕೆಳಗೆ ಜನ ನಿಂತು ಏನು ಬರೀತಾನೆಂದು ಊಹಿಸುತ್ತಿದ್ದರು. ನಮ್ಮ ಪ್ರಯೋಗಾಲಯದ ಮೂಲವಸ್ತುಗಳ ದೊಡ್ಡ ಪಟವನ್ನೂ ಅವನೇ ಬರೆದದ್ದು, ಬಲತುದಿಯಿಂದ. ನಾನು ಎರಡು ದಿನ ನಿಂತು ನೋಡಿದ್ದೆ. ಆದರೂ ಆ ಹಾಳೆಯ ಎಡಗೈಯನ್ನೂ ಈ ಎಡಗೈಯನ್ನೂ ಒಂದರ ಪಕ್ಕ ಒಂದು ಇಟ್ಟು ನೋಡಲಿಲ್ಲ.

ಅವನಿಗೆ ಮೊದಲೇ ಒಂದು ಹುಣ್ಣಿತ್ತು. ಗಂಗುಲಪ್ಪನ ಇಪ್ಪತ್ತಡಿ ಕಟೌಟು ಬರೆದವನು ಅವನೇ. ಕಾಲೋನಿಗೆ ನೀರಿನ ಪೈಪು ಬರದಂತೆ ತಡೆದವನು ಅದೇ ಗಂಗುಲಪ್ಪ. ಬರೆಯುವುದಿಲ್ಲ ಎಂದಿದ್ದರೆ ತಾಲ್ಲೂಕಿನಲ್ಲಿ ಇನ್ನೊಂದು ಗೋಡೆ ಸಿಗುತ್ತಿರಲಿಲ್ಲ; ಬರೆದದ್ದಕ್ಕೆ ಕಾಲೋನಿಯವರು ಮುಖ ತಿರುಗಿಸಿದ್ದರು. ಹೊಸ ಸಮುದಾಯ ಭವನಕ್ಕೆ ಬಾಬಾಸಾಹೇಬರ ಪಟ ಬರೆಯುವ ಕೆಲಸ ಮಾತ್ರ, ಅವನ ತಾಯಿ ಕದಿರಮ್ಮ ಹಿರಿಯರ ಕಾಲು ಹಿಡಿದದ್ದರಿಂದ, ಅವನ ಕೈಯಲ್ಲೇ ಉಳಿದಿತ್ತು. ಹಾಳೆ ಹರಡಿದ ಮೇಲೆ ಅದನ್ನೂ ಕಿತ್ತುಕೊಂಡರು. ಬಾಲ ಇರುವವನು ಬಾಬಾಸಾಹೇಬರನ್ನು ಮುಟ್ಟುವುದು ಬೇಡ ಎಂದರಂತೆ.

ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಆಗಸ್ಟ್ 22ರ ಬೆಳಿಗ್ಗೆ ನಲ್ಲಪ್ಪ ಬಸ್ ಸ್ಟ್ಯಾಂಡಿನ ಎದುರಿನ ಗೋಡೆಗೆ ರಸಗೊಬ್ಬರದ ಜಾಹೀರಾತು ಬರೆಯುತ್ತಿದ್ದ. ಏಣಿಯ ಮೇಲೆ, ನೆಲದಿಂದ ಒಂಬತ್ತು ಹತ್ತಡಿ. ಗೂಡಿನ ಮಾರುಕಟ್ಟೆಯ ಕಡೆಯಿಂದ ಮೂವರು ಬಂದರು. ಒಬ್ಬ ಗೋಡೆಯ ಮೇಲಿದ್ದ ಹಾಳೆ ಕಿತ್ತು ಅವನಿಗೆ ತೋರಿಸಿ ಬೊಗಳಿದ. ಹೋಟೆಲಿನವರು ನಕ್ಕರು. ನಲ್ಲಪ್ಪ ತಿರುಗಿ ನೋಡಲಿಲ್ಲ. ಆಗ ಇನ್ನೊಬ್ಬ ಗೂಡಿನ ಚೀಲ ಕಟ್ಟುವ ಹಗ್ಗಕ್ಕೆ ಕುಣಿಕೆ ಹಾಕಿ, ಬಿದಿರು ಕೋಲಿನ ತುದಿಯಿಂದ ಎತ್ತಿ ಹಿಂದಿನಿಂದ ಅವನ ಕತ್ತಿಗೆ ಇಳಿಸಿದ. ಎಳೆದರು. ಅವನು ಬಣ್ಣದ ಡಬ್ಬಿಯೊಡನೆ ಮುಖ ಕೆಳಗಾಗಿ ಬಿದ್ದ. ಮುಂದಿನ ಎರಡು ಹಲ್ಲು ಅಲ್ಲೇ ಹೋದವು. ಹಗ್ಗ ಬಿಡದೆ ಚರಂಡಿಯವರೆಗೆ ಎಳೆದುಕೊಂಡು ಹೋಗಿ, ಎಡಗೈಯಲ್ಲಿ ಕುಂಚ ತುರುಕಿ, ಬರಿ ನಾಯಿ ಬರಿ ಎಂದು ಪಕ್ಕೆಗೆ ಒದ್ದರು. ಕತ್ತಿನ ಸುತ್ತ ಚರ್ಮ ಸುಲಿದು ಕೆಂಪು ಪಟ್ಟಿಯಾಯಿತು. ಸುಮಾರು ಐವತ್ತು ಜನ ನೋಡುತ್ತಿದ್ದರು. ಗೌರಿಬಿದನೂರಿನ ಬಸ್ಸು ಬಂದಾಗ ಆ ಐವತ್ತು ಜನ ಸೀಟು ಹಿಡಿಯಲು ಓಡಿದರು. ಮೂವರೂ ಹಗ್ಗ ಬಿಟ್ಟು ಹೋದರು.

ಅವನು ಎದ್ದು ಕುಣಿಕೆಯನ್ನು ಕತ್ತಿನಿಂದ ತೆಗೆಯದೆ, ಬಿದ್ದಿದ್ದ ಹಾಳೆ ಮಡಚಿಕೊಂಡು ನೇರ ಪ್ರೆಸ್ಸಿಗೆ ಬಂದ.

ನಾನೂ ಷರೀಫನೂ ಒಳಗಿದ್ದೆವು. ಲಾಲ್ ಬಾಷಾ ಜಂಗಮಕೋಟೆಗೆ ಹೋಗಿದ್ದರು. ಷರೀಫ ನೆಲದ ಮೇಲೆ ಕೂತು ಕಲ್ಲು ಉಜ್ಜುತ್ತಿದ್ದ. ಹಳೆಯ ಚಿತ್ರ ತೆಗೆಯುವುದು ಹಾಗೆಯೇ: ದೊಡ್ಡ ಕಲ್ಲಿನ ಮೇಲೆ ನೀರು, ಮರಳು ಹಾಕಿ, ಚಿಕ್ಕ ಕಲ್ಲನ್ನು ಮಗುಚಿ ಇಟ್ಟು ಸುತ್ತಿಸುವುದು. ಕೆಳಗಿನ ಕಲ್ಲು ಆ ನಾಯಿಯ ಚಿತ್ರದ್ದೇ. ಅದರ ಮೇಲೆ ಒಂದು ಮದುವೆ ಕಾಗದ ಇಳಿಸಬೇಕಿತ್ತು. ಮುಕ್ಕಾಲು ಅಳಿಸಿ ಆಗಿತ್ತು.

ಬಾಗಿಲಲ್ಲಿ ನಿಂತ ನಲ್ಲಪ್ಪನ ಗಲ್ಲದಿಂದ ರಕ್ತವೂ ಹಸಿರು ಬಣ್ಣವೂ ಬೆರೆತು ಅಂಗಿಗೆ ಇಳಿಯುತ್ತಿತ್ತು. ಕತ್ತಿನ ಹಗ್ಗದ ತುದಿ ನೆಲಕ್ಕೆ ತಾಗುತ್ತಿತ್ತು. ಹಲ್ಲು ಹೋಗಿದ್ದರಿಂದ ಮಾತು ತೊದಲುತ್ತಿತ್ತು.

"ಏಮಿರಾ ಷರೀಫಾ," ಎಂದ. "ಬಾಲ ಬರೆದೆ. ಹಗ್ಗ ಬರೆದೆ. ನೋಡು, ಹಾಕೊಂಡು ಬಂದಿದೀನಿ. ಹಿಡ್ಕೊ."

ಷರೀಫ ಹಗ್ಗ ಯಾರು ಹಾಕಿದರೆಂದು ಕೇಳಿದ, ಕೂತುಕೋ ಎಂದ, ನೀರು ತರಲು ಎದ್ದ. ನಲ್ಲಪ್ಪ ಅವನ ಭುಜ ಒತ್ತಿ ಮತ್ತೆ ಕೂರಿಸಿ ಹಾಳೆಯನ್ನು ಮುಖಕ್ಕೆ ಹಿಡಿದ.

"ಅದು ನಾನಪ್ಪ," ಎಂದ ಷರೀಫ. "ಅಲ್ಲಾನಾಣೆ ನೀನಲ್ಲ. ನನ್ನೇ ಬರ್ಕೊಂಡಿದ್ದು."

"ನೀನಾ? ನಿಂದು ಯಾವ ಕೈಯೋ?"

ಷರೀಫ ಬಲಗೈ ಎತ್ತಿದ.

"ಇದ್ರಾಗಿರೋದು ಯಾವ ಕೈ? ಊರಾಗೆ ಈ ಕೈಯೋನು ಯಾವನು? ನಾನು ಗಂಗುಲಪ್ಪನ್ನ ಬರೆದೆ, ನೀನು ಬರೀಲಿಲ್ವಾ? ನಿನ್ ಕತ್ತಿಗೆ ಯಾಕೋ ಇಲ್ಲ ಹಗ್ಗ?"

ಹಾಳೆಯಲ್ಲಿ ಯಾಕೆ ಎಡಗೈ ಬಂತೆಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಷರೀಫ ಹೇಳಲು ಹೊರಟ, ಆದರೆ ಅವನು ಮಾತಿನವನಲ್ಲ, ಕೈಯವನು. ಚಿಕ್ಕ ಕಲ್ಲನ್ನು ಪಕ್ಕಕ್ಕೆ ಸರಿಸಿ, ದೊಡ್ಡ ಕಲ್ಲಿನ ಮೇಲಿನ ಮರಳನ್ನು ನೀರಿನಿಂದ ತೊಳೆದ. ಜಿಡ್ಡು ಕಲ್ಲಿನೊಳಕ್ಕೆ ಇಳಿದಿರುತ್ತದೆ. ಪೂರ್ತಿ ಉಜ್ಜುವವರೆಗೆ ಮಸುಕು ನೆರಳೊಂದು ಉಳಿಯುತ್ತದೆ. ಪಳಗಿದ ಕಣ್ಣಿಗೆ ಮಾತ್ರ ಕಾಣುತ್ತದೆ. "ಇಲ್ನೋಡು, ಕಲ್ಲಿನ ಮೇಲೆ ನೋಡು, ಬಲಗೈ ಇದೆ, ಇಲ್ಲಿ," ಎಂದು ಅವನು ಆ ನೆರಳಿನ ಮೇಲೆ ತನ್ನ ಬಲಗೈಯನ್ನು ಅಂಗೈ ಕೆಳಗಾಗಿ ಇಟ್ಟ.

ನಲ್ಲಪ್ಪ ನೋಡಿದ. ಅವನಿಗೆ ಕಂಡದ್ದು ಬೂದು ಬಣ್ಣದ ಖಾಲಿ ಕಲ್ಲು. ತನ್ನನ್ನು ಇನ್ನೊಮ್ಮೆ ಆಡಿಕೊಳ್ಳುತ್ತಿದ್ದಾನೆ ಎಂದುಕೊಂಡ.

ನಾನು ಗಡಿಯಾರ ನೋಡಿಕೊಂಡದ್ದು ಆಗ. ಈ ಜಗಳ ಮುಗಿಯಲಿ, ಆಮೇಲೆ ಸಮಾಧಾನವಾಗಿ, ಮೊದಲಿನಿಂದ ವಿವರಿಸುತ್ತೇನೆ ಎಂದುಕೊಂಡೆ. ಅರ್ಧ ಹೇಳಿದರೆ ತಪ್ಪು ತಿಳಿಯುತ್ತಾರೆ ಎಂಬುದು ಮೇಷ್ಟ್ರ ಅಭ್ಯಾಸ.

ಅವನು ಚಿಕ್ಕ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿದ. ಅದರ ತೂಕವನ್ನೂ ಎತ್ತರವನ್ನೂ ಗುಣಿಸಿ ಬಂದ ಸಂಖ್ಯೆ ನನ್ನ ಹತ್ತಿರ ಇದೆ. ಅದರಿಂದ ಪ್ರಯೋಜನವಿಲ್ಲ.

ಕಲ್ಲು ತೆಗೆದಾಗ ತೋರುಬೆರಳು ಮತ್ತು ಮಧ್ಯದ ಬೆರಳು ಚಪ್ಪಟೆಯಾಗಿದ್ದವು. ಹಸ್ತದ ಹಿಂಬದಿಯಲ್ಲಿ ಎರಡು ಕಡೆ ಬಿಳಿ ಮೂಳೆ ಹೊರಬಂದಿತ್ತು. ಮರಳಿನ ಕೆಸರು ಗುಲಾಬಿಯಾಗಿ, ಆಮೇಲೆ ಕೆಂಪಾಗಿ ಅಂಚಿನಿಂದ ಇಳಿಯಿತು. ನಲ್ಲಪ್ಪ ತನ್ನ ಕೈಗಳನ್ನು ನೋಡಿಕೊಂಡು, ಕತ್ತಿನ ಹಗ್ಗವನ್ನು ಆಗ ತೆಗೆದು, ಅದನ್ನು ನನ್ನ ಕಡೆ ಎಸೆದ. ಕಟ್ಟಿ, ರಕ್ತ ನಿಲ್ಲುತ್ತೆ, ಎಂದ. ಮೊಣಕೈಯ ಮೇಲೆ ನಾನು ಬಿಗಿದು ಕಟ್ಟಿದ್ದು ಅದೇ ಹಗ್ಗದಿಂದ. ಅವನು ಹೊರಟುಹೋದ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ತೊಳೆದು ಪಟ್ಟಿ ಹಾಕಿ, ಬೆಂಗಳೂರಿಗೆ ಒಯ್ಯಿರಿ ಎಂದರು. ಲಾಲ್ ಬಾಷಾ ಅಲ್ಲಿಗೆ ಬಂದು ಅಳಿಯನ ಕೈ ನೋಡಿದರು. ಕಲ್ಲು ಹಾಕಿದವನು ಯಾರೆಂದು ಕೇಳಿ ತಿಳಿದುಕೊಂಡರು. ನಾಲ್ಕು ಜನ ನೆಂಟರನ್ನು ಟೆಂಪೋದಲ್ಲಿ ಕೂರಿಸಿಕೊಂಡು ಶಿಡ್ಲಘಟ್ಟದ ಕಡೆಗೇ ತಿರುಗಿದರು. ಹೋಗುವಾಗ ಟೆಂಪೋದ ಜಾಕಿ ರಾಡನ್ನು ಸೀಟಿನ ಕೆಳಗಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡದ್ದನ್ನು ನಾನು ನೋಡಿದೆ. ಷರೀಫನನ್ನು ಅವನ ತಾಯಿಯ ಜೊತೆ ಬೆಂಗಳೂರಿನ ವ್ಯಾನು ಹತ್ತಿಸಿ, ಸಿಕ್ಕ ಬಸ್ಸಿನಲ್ಲಿ ನಾನೂ ಹಿಂದಿರುಗಿದೆ. ಕಾಲೋನಿ ತಲುಪುವಾಗ ನಾಲ್ಕು ಗಂಟೆ.

ತಡವಾಗಿತ್ತು. ನಲ್ಲಪ್ಪನ ಮನೆಯ ಮುಂದೆ ಅವನನ್ನು ಮಣ್ಣಿನಲ್ಲಿ ಬೋರಲು ಹಾಕಿದ್ದರು. ಇಬ್ಬರು ಕಾಲುಗಳ ಮೇಲೆ ಕೂತಿದ್ದರು, ಒಬ್ಬ ಚಪ್ಪಲಿಗಾಲಿನಿಂದ ಅವನ ಎಡಗೈ ತುಳಿದು ಹಿಡಿದಿದ್ದ. ರಾಡು ಬೆನ್ನಿಗೆ ಬೀಳುತ್ತಿತ್ತು. ಪ್ರತಿ ಏಟಿಗೂ ಅವನ ಬಾಯಿಂದ ಗಾಳಿ ಮಾತ್ರ ಹೊರಬರುತ್ತಿತ್ತು. ಕದಿರಮ್ಮ ಮಗನ ಮೇಲೆ ಬಿದ್ದು ಮುಚ್ಚಿಕೊಂಡರೆ ಅವಳನ್ನು ಕೂದಲು ಹಿಡಿದು ಎಳೆದು ಹಾಕುತ್ತಿದ್ದರು. ಅವಳು ಮತ್ತೆ ಬಂದು ಬೀಳುತ್ತಿದ್ದಳು. ಕಾಲೋನಿಯ ಗಂಡಸರು ದೂರ ನಿಂತಿದ್ದರು, ಕೆಲವರ ಕೈಗೆ ಕಲ್ಲು ಬಂದಿತ್ತು. ಇನ್ನು ಐದು ನಿಮಿಷ ಹೋಗಿದ್ದರೆ ಇದು ಎರಡು ಕೈಗಳ ಲೆಕ್ಕವಾಗಿ ಉಳಿಯುತ್ತಿರಲಿಲ್ಲ, ಎರಡು ಕೇರಿಗಳದಾಗುತ್ತಿತ್ತು.

"ಎಡಗೈ ಅಲ್ವಾ ನಿಂದು," ಎಂದು ಲಾಲ್ ಬಾಷಾ ರಾಡನ್ನು ಎರಡೂ ಕೈಯಲ್ಲಿ ಹಿಡಿದು ಮಣಿಕಟ್ಟಿನ ಅಂದಾಜು ತೆಗೆದುಕೊಂಡರು.

ನಾನು ಮನೆಯೊಳಗೆ ನುಗ್ಗಿದೆ. ಗೋಡೆಗೆ ಸಿಕ್ಕಿಸಿದ್ದ ಕ್ಷೌರದ ಕನ್ನಡಿ ಕಿತ್ತುಕೊಂಡು, ನನ್ನ ಚೀಲದಲ್ಲಿದ್ದ ಹಾಳೆಯನ್ನು ಅದರ ಎದುರು ಹಿಡಿದು ಲಾಲ್ ಬಾಷಾ ಅವರ ಮುಖದ ಮುಂದೆ ನಿಂತೆ. ರಾಡಿನ ತುದಿ ನನ್ನ ಹೆಗಲಿಗೆ ತಾಗಿ ಕಾಲರ್ ಮೂಳೆ ಬಿರುಕು ಬಿಟ್ಟಿತು. ಕನ್ನಡಿ ಬಿಡಲಿಲ್ಲ.

"ಕಲ್ಲಿನ ಮೇಲೆ ಇದ್ದದ್ದು ಹೀಗೆ," ಎಂದೆ.

ಮೂವತ್ತು ವರ್ಷ ಕಲ್ಲಿನ ಜೊತೆ ಬದುಕಿದ ಮನುಷ್ಯ. ವಿವರಣೆ ಬೇಕಾಗಲಿಲ್ಲ. ಕನ್ನಡಿಯೊಳಗೆ ಬಲಗೈ, ಎತ್ತಿದ ಬಲಮೊಣಕಾಲು, ಬಲಕಿವಿಯ ಮೇಲೆ ಜೊಂಡಿನ ಲೇಖನಿ. ಊರಿನವರೆಲ್ಲ ಅದನ್ನು ಕುಂಚ ಎಂದುಕೊಂಡಿದ್ದರು. ಕಾತಿಬ್ ಕೂರುವ ಭಂಗಿ ಯಾವುದೆಂದು ಕಾಲೋನಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾಯಿ ತಮ್ಮ ಅಳಿಯನೇ ಎಂದು ಅವರಿಗೆ ತಿಳಿಯಿತು.

"ಪೀಲಾ ಕಾಗಜ್ ಬಿಟ್ಟು ಸೀದಾ ಕಲ್ಲಿನ ಮೇಲೆ ಬರೆದ್ನಾ?" ಎಂದು ಕೇಳಿದರು.

ಹೌದು ಎಂದೆ.

"ಯಾರು ಹೇಳಿಕೊಟ್ಟಿದ್ದು?"

ಪುಸ್ತಕ ತಂದವನು ನಾನು ಎಂದೆ. ಅವರು ರಾಡನ್ನು ಕೆಳಗೆ ಹಾಕಿ, ನನ್ನ ಕೆನ್ನೆಗೆ ಹೊಡೆದರು. ಒಂದೇ ಏಟು, ಅಂಗೈಯಿಂದ. ಆ ದಿನ ಬಿದ್ದ ಏಟುಗಳಲ್ಲಿ ಸರಿಯಾದವನಿಗೆ ಬಿದ್ದದ್ದು ಅದೊಂದೇ.

ನಲ್ಲಪ್ಪನನ್ನು ಮಗುಚಿ ಕೂರಿಸಿದರು. ಮೂರು ಪಕ್ಕೆಲುಬು ಮುರಿದಿದ್ದವು. ಉಸಿರು ಎಳೆದಾಗ ಸಿಳ್ಳೆಯಂಥ ಶಬ್ದ ಬರುತ್ತಿತ್ತು. ಅವನು ಕೈ ಚಾಚಿ ಕನ್ನಡಿ ಕೇಳಿದ. ಹಾಳೆಯನ್ನು ತಾನೇ ಹಿಡಿದು, ಕನ್ನಡಿಯನ್ನೊಮ್ಮೆ ಹಾಳೆಯನ್ನೊಮ್ಮೆ ನೋಡಿದ. ಅಕ್ಷರ ಹಿಂದುಮುಂದಾಗಿ ಬರೆಯುವವನಿಗೆ ಇದು ಕಷ್ಟದ ಪಾಠವಲ್ಲ.

"ನಿಮ್ಗೆ ಯಾವಾಗ ಗೊತ್ತಾಯ್ತು ಮೇಷ್ಟ್ರೇ?"

ಮೊದಲ ಹಾಳೆ ಬಂದ ದಿನವೇ ಎಂದೆ.

"ಬೆಳಿಗ್ಗೆ ಅಲ್ಲೇ ನಿಂತಿದ್ರಿ." ಅವನು ರಕ್ತ ಉಗುಳಿದ. "ಕಲ್ಲು ಎತ್ತಿದಾಗ ಅಲ್ಲೇ ನಿಂತಿದ್ರಲ್ಲ."

ಕದಿರಮ್ಮ ಕನ್ನಡಿಯನ್ನು ಮಗನ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಒರೆಸಿ, ಮತ್ತೆ ಗೋಡೆಯ ಮೊಳೆಗೆ ಸಿಕ್ಕಿಸಲು ಒಳಗೆ ಹೋದಳು.

ಪೊಲೀಸರು ಬಂದದ್ದು ಸೋಮವಾರ. ಬೆಂಗಳೂರಿನ ಹಾಸಿಗೆಯಲ್ಲಿ ಮಲಗಿದ್ದ ಷರೀಫ, ಉಜ್ಜುವಾಗ ಕಲ್ಲು ಜಾರಿತು ಎಂದು ಹೇಳಿಕೆ ಕೊಟ್ಟ. ಏಣಿಯಿಂದ ಬಿದ್ದೆ ಎಂದು ನಲ್ಲಪ್ಪ ಹೇಳಿದ. ಇಬ್ಬರೂ ಮಾತಾಡಿಕೊಂಡಿರಲಿಲ್ಲ. ಎರಡೂ ಹೇಳಿಕೆಗೆ ಸಾಕ್ಷಿಯಾಗಿ ನಾನು ಸಹಿ ಹಾಕಿದೆ. ಬಿರುಕು ಬಿಟ್ಟ ಮೂಳೆಯಿಂದಾಗಿ ಸಹಿ ಸೊಟ್ಟಗಾಗಿತ್ತು, ಸಬ್ ಇನ್‌ಸ್ಪೆಕ್ಟರು ಇನ್ನೊಮ್ಮೆ ಹಾಕಿಸಿದರು. ಹಗ್ಗ ಎಳೆದ ಮೂವರ ವಿಷಯ ಯಾವ ಕಾಗದದಲ್ಲೂ ಬರಲಿಲ್ಲ. ಗಂಗುಲಪ್ಪ ಇಡೀ ಕತೆಯಲ್ಲಿ ಆ ಚಿತ್ರದಲ್ಲಿದ್ದಂತೆಯೇ ಉಳಿದ, ಬೆನ್ನು ತೋರಿಸಿಕೊಂಡು.

ಫ್ರಾನ್ಸಿನ ಆ ಚಿತ್ರಗಳ ಬಗ್ಗೆ ಆಮೇಲೆ ತುಂಬ ಯೋಚಿಸಿದ್ದೇನೆ. ಯಜಮಾನನನ್ನು ಮುಟ್ಟಬಾರದೆಂದು ಕಟ್ಟು ಮಾಡಿದಾಗ ಗೇಲಿ ಸತ್ತುಹೋಗುವುದಿಲ್ಲ, ಪಕ್ಕಕ್ಕೆ ತಿರುಗುತ್ತದೆ. ಏಣಿ ಹೊತ್ತವನನ್ನು ನೋಡಿ ಪ್ಯಾರಿಸ್ಸಿನ ಜನ ನಕ್ಕಾಗ, ಏಣಿ ಹೊತ್ತ ಯಾರೋ ಒಬ್ಬ ನಿಜವಾಗಿ ಆ ಬೀದಿಯಲ್ಲಿ ಹೋಗುತ್ತಿದ್ದಿರಬೇಕು. ಅವನಿಗೆ ಏನಾಯಿತೆಂದು ಮುನ್ನುಡಿಯಲ್ಲಿ ಇಲ್ಲ. ತನ್ನ ಮುಖಕ್ಕೇ ಮಸಿ ಬಳಿದುಕೊಂಡರೆ ಯಾರೂ ಕೇಳುವುದಿಲ್ಲ ಎಂದುಕೊಂಡಿದ್ದ ಷರೀಫ. ಮಸಿ ಅಂಟಬೇಕಾದ ಮುಖ ಯಾವುದೆಂದು ಊರು ಮೊದಲೇ ತೀರ್ಮಾನಿಸಿಕೊಂಡಿರುತ್ತದೆ, ಎಡಗೈ ಒಂದು ನೆಪ. ಹೀಗೆ ಹೇಳಿ ನನ್ನ ಪಾಲನ್ನು ಸಣ್ಣದು ಮಾಡಿಕೊಳ್ಳುತ್ತಿಲ್ಲ. ನೆಪ ಅಳಿಸುವ ಒಂದು ವಾಕ್ಯ ನನ್ನ ಬಾಯಲ್ಲಿತ್ತು.

ಮಧ್ಯದ ಬೆರಳನ್ನು ಬೆಂಗಳೂರಿನಲ್ಲಿ ಕತ್ತರಿಸಿದರು. ತೋರುಬೆರಳನ್ನು ತಂತಿ ಹಾಕಿ ಉಳಿಸಿದರು. ನವೆಂಬರಿನಲ್ಲಿ ತಂತಿ ತೆಗೆದ ಮೇಲೆ ದಿನಾ ಬಿಸಿನೀರಿನಲ್ಲಿ ಬೆರಳು ಮಡಿಸಲು ಹೇಳಿದರು. ಪ್ರತಿ ಶನಿವಾರ ನಾನು ಅವನ ಮನೆಗೆ ಹೋಗಿ ಕೋನಮಾಪಕದಿಂದ ತೋರುಬೆರಳಿನ ನಡುಗೆಣ್ಣಿನ ಬಾಗು ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಅವನ ಹಳೆಯ ಲೇಖನಿಯನ್ನು ನನ್ನ ಬೆರಳುಗಳಲ್ಲಿ ಅವನು ಹೇಳಿದಂತೆ ಹಿಡಿದು ಅದನ್ನೂ ಅಳೆದಿದ್ದೆ: ಗೆರೆ ಎಳೆಯಬೇಕಾದರೆ ಆ ಗೆಣ್ಣು ಕನಿಷ್ಠ ನಲವತ್ತೈದು ಡಿಗ್ರಿ ಬಾಗಬೇಕು. ಈ ಸಂಖ್ಯೆಯನ್ನು ಅವನಿಗೆ ಹೇಳಿದ್ದೆ. ಅದನ್ನು ಹೇಳದೆ ಇರಬಹುದಿತ್ತು.

ಡಿಸೆಂಬರಿನಲ್ಲಿ ಒಂಬತ್ತು ಇತ್ತು. ಜನವರಿಯಲ್ಲಿ ಹದಿನಾಲ್ಕು, ಆಮೇಲೆ ಹದಿನೇಳು. ಡಾಕ್ಟರು ಫೆಬ್ರವರಿಯವರೆಗೆ ಏನು ಬರುತ್ತದೋ ಅಷ್ಟೇ, ಮುಂದೆ ಬರುವುದಿಲ್ಲ ಎಂದಿದ್ದರು.

ಕೊನೆಯ ಅಳತೆಗೆ ಹೋದದ್ದು 1988ರ ಫೆಬ್ರವರಿ 20ರ ಶನಿವಾರ. ವಜೀರುನ್ನೀಸಾ ಬಿಸಿನೀರಿನ ಬಟ್ಟಲು ತಂದಿಟ್ಟು, ಹೋಗದೆ ಬಾಗಿಲ ಹತ್ತಿರ ನಿಂತರು. ಷರೀಫ ಗೋಡೆಗೆ ಒರಗಿ, ಬಲಮೊಣಕಾಲು ಎತ್ತಿ ಕೂತ. ಕೈಯನ್ನು ಹಲಗೆಯ ಮೇಲೆ ಇಟ್ಟ. ನಲ್ಲಪ್ಪ ಬಂದಿದ್ದನಾ ಎಂದು ಕೇಳಿದೆ. ದಿನಾ ಬೀದಿಯ ಆ ಕಡೆಗೆ ಬಂದು ಸ್ವಲ್ಪ ಹೊತ್ತು ನಿಂತು ಹೋಗುತ್ತಾನೆ, ಒಳಗೆ ಕರೆದರೆ ಬರುವುದಿಲ್ಲ ಎಂದ.

"ಮಡಿಸ್ಲಾ ಸಾರ್?"

ಮಡಿಸು ಎಂದೆ. ಅವನು ಹಲ್ಲು ಕಚ್ಚಿದ. ಕತ್ತಿನ ನರ ಎದ್ದವು, ಹಣೆಯಲ್ಲಿ ಬೆವರು ಬಂತು. ಬೆರಳು ನಿಂತ ಕಡೆ ನಾನು ಮಾಪಕ ಇಟ್ಟೆ. ಕಣ್ಣಿನ ಓರೆಯಿಂದ ತಪ್ಪಾಗಬಾರದೆಂದು ತಲೆ ನೇರ ಮಾಡಿಕೊಂಡು ಮೂರು ಸಲ ಓದಿದೆ. ಮೂರು ಸಲವೂ ಅಷ್ಟೇ ಬಂತು.

ಹತ್ತೊಂಬತ್ತು ಡಿಗ್ರಿ.